ಕಿವಿಯಲ್ಲಿ ಹೇಳಿದ ಪಾಸ್‌ವರ್ಡ್

ನಮ್ಮ ಯಜಮಾನರು ರಾಜಾಜಿನಗರದ ಒಂದು ಕಾರ್ಖಾನೆಯ ಸಂಬಳದ ವಿಭಾಗದಲ್ಲಿ ಹೆಡ್ ಕ್ಲರ್ಕ್ ಆಗಿದ್ದರು. ಎಂಬತ್ತರ ದಶಕದ ಕೊನೆಗೆ ಅಲ್ಲಿಗೆ ಕಂಪ್ಯೂಟರ್ ಬಂತು. ಅದಕ್ಕೆಂದೇ ತಣ್ಣನೆಯ ಒಂದು ಕೋಣೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. "ದೇವರ ಮನೆ ಇದ್ದ ಹಾಗೇ ಕಣೇ, ಮಂಗಳಾರತಿ ಒಂದು ಇಲ್ಲ" ಎಂದು ಇವರು ನಗುತ್ತಿದ್ದರು.

ಮೊದಮೊದಲು ಅದನ್ನು ತೆರೆಯುವ ಪಾಸ್‌ವರ್ಡ್ ಎಲ್ಲರಿಗೂ ಒಂದೇ. ಯಂತ್ರದ ಪಕ್ಕದಲ್ಲೇ ಬರೆದು ಅಂಟಿಸಿದ್ದರಂತೆ. ಯಾರು ಬೇಕಾದರೂ ಕೂತು ಕೆಲಸ ಮುಗಿಸುತ್ತಿದ್ದರು, ಕೆಲಸ ಸರಸರ ಸಾಗುತ್ತಿತ್ತು. ಒಂದು ತಿಂಗಳು ಯಾರದೋ ಓವರ್‌ಟೈಮ್ ಇನ್ಯಾರದೋ ಹೆಸರಿಗೆ ಸೇರಿತು. ಯಾರ ಕೈ ಆಡಿತೆಂದು ತಿಳಿಯದೆ ದೊಡ್ಡ ಜಗಳವಾಯಿತು. ಆಗ ಆಫೀಸರು, ಪ್ರತಿಯೊಬ್ಬರೂ ತಮ್ಮದೇ ಪಾಸ್‌ವರ್ಡ್ ಇಟ್ಟುಕೊಳ್ಳಿ, ಯಾರಿಗೂ ಹೇಳಬೇಡಿ ಎಂದರು. ಎಲ್ಲರೂ ಭಕ್ತಿಯಿಂದ ತಂತಮ್ಮ ಮನೆದೇವರ ಹೆಸರನ್ನೇ ಇಟ್ಟರು! ಮನೆದೇವರು ಯಾರೆಂಬುದೇನು ಗುಟ್ಟೇ? ಲಗ್ನಪತ್ರಿಕೆಯ ನೆತ್ತಿಯ ಮೇಲೆ ಅಚ್ಚಾಗಿರುತ್ತದೆ. ಒಬ್ಬರದನ್ನು ಇನ್ನೊಬ್ಬರು ಚಿಟಿಕೆ ಹೊಡೆಯುವಷ್ಟರಲ್ಲಿ ತೆರೆದು ತೋರಿಸಿದರಂತೆ. ಇವರಿಗೆ ನಾಚಿಕೆಯಾಗಿ ಬೇರೆ ಪಾಸ್‌ವರ್ಡ್ ಇಟ್ಟರು. ಏನೆಂದು ನಾನು ಕೇಳಲಿಲ್ಲ, ಇವರು ಹೇಳಲಿಲ್ಲ. ಸಂಬಳದ ಲೆಕ್ಕ ಮಾತ್ರ ಅದೊಂದರಿಂದಲೇ ತೆರೆಯುತ್ತಿತ್ತು.

ಗೌರಿ ಹಬ್ಬ ಹತ್ತಿರ ಬಂದಿತ್ತು. ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತಿದ್ದೆ, ಇವರು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಮುದುರಿದರು. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯ ಕೆಳಗಿದ್ದವರು ಆಟೋ ಓಡಿಸುತ್ತಿದ್ದರು. ಅವತ್ತು ಅವರು ಇನ್ನೂ ಹೊರಟಿರಲಿಲ್ಲ. ಅದೊಂದು ದೇವರ ದಯೆ. ಆಸ್ಪತ್ರೆಯಲ್ಲಿ ಅಪೆಂಡಿಕ್ಸ್, ಈಗಲೇ ಆಪರೇಷನ್ ಆಗಬೇಕು ಎಂದರು.

ಒಳಗೆ ತಳ್ಳಿಕೊಂಡು ಹೋಗುವ ಮುಂಚೆ ಇವರು ನನ್ನನ್ನು ಹತ್ತಿರ ಕರೆದರು. "ನಾಳೆ ಸಂಬಳ ಕಣೇ. ಪಾಸ್‌ವರ್ಡ್ ಆಫೀಸರಿಗೆ ಒಬ್ಬರಿಗೇ ಹೇಳು. ಬೇರೆ ಯಾರು ಕೇಳಿದ್ರೂ ಹೇಳ್ಬೇಡ" ಎಂದು ಕಿವಿಯಲ್ಲಿ ಅದನ್ನು ಹೇಳಿದರು. ತವರಿನಲ್ಲಿ ನನ್ನ ತಾಯಿ ನನ್ನನ್ನು ಕರೆಯುತ್ತಿದ್ದ ಮುದ್ದಿನ ಹೆಸರು! ಮದುವೆಯಾದಾಗಿನಿಂದ ಇವರ ಬಾಯಲ್ಲಿ ನಾನು ಬರೀ 'ಇವಳೇ', 'ಕಣೇ'. ಆ ಹೆಸರು ಇವರಿಗೆ ನೆನಪಿದೆ ಎಂದೂ ನನಗೆ ಗೊತ್ತಿರಲಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಬಾಗಿಲು ಮುಚ್ಚಿತು.

ಆಪರೇಷನ್ ಚೆನ್ನಾಗಿ ಆಯಿತು. ಮಾರನೆಯ ದಿನ ಇವರು ಇನ್ನೂ ಮಂಪರಿನಲ್ಲಿದ್ದಾಗ ಆಫೀಸಿನ ಗುಮಾಸ್ತರೊಬ್ಬರು ಓಡಿಬಂದರು. ನಮ್ಮ ಮನೆಗೆ ಬಂದುಹೋಗಿ ಮಾಡುತ್ತಿದ್ದವರೇ.

"ಅತ್ತಿಗೆ, ಪಾಸ್‌ವರ್ಡ್ ಏನಾದ್ರೂ ಹೇಳಿದಾರಾ? ತಿರುಪತಿಯಿಂದ ನಂಜನಗೂಡಿನವರೆಗೂ ಎಲ್ಲಾ ದೇವರನ್ನೂ ಹಾಕಿ ನೋಡಿದ್ವಿ. ಯಾವ ದೇವ್ರೂ ಬಾಗ್ಲು ತೆಗೀಲಿಲ್ಲ."

"ಹೇಳಿದಾರೆ. ಆದ್ರೆ ಆಫೀಸರಿಗೆ ಮಾತ್ರ ಅಂದಿದಾರೆ."

"ನಾನೇನು ಕಳ್ಳನಾ ಅತ್ತಿಗೆ? ನಿಮ್ಮನೆ ಸಾರು ಎಷ್ಟು ಸಲ ಉಂಡಿದೀನಿ! ಸಾಹೇಬ್ರು ಗೇಟಲ್ಲಿ ಜನರನ್ನ ಸಮಾಧಾನ ಮಾಡ್ತಾ ನಿಂತಿದಾರೆ, ಬಿಟ್ಟು ಬರಕ್ಕಾಗಲ್ಲ. ಕಂಪ್ಯೂಟರ್ ಕಂಪನಿಯವರು ಮದ್ರಾಸಿಂದ ಬರೋ ಹೊತ್ತಿಗೆ ಗಣಪತೀನ ನೀರಿಗೆ ಬಿಟ್ಟಾಗಿರತ್ತೆ."

ಅವರು ಹೇಳಿದ್ದು ಸುಳ್ಳಲ್ಲ. ಬಿನ್ನಿಪೇಟೆಯಲ್ಲಿ, ಮಾಗಡಿ ರಸ್ತೆಯ ಆಚೀಚೆ, ಆ ಸಂಬಳ ಬಂದರೆ ಬಾಗಿನದ ಮೊರ ತರೋಣವೆಂದು ನನ್ನಂಥ ಎಷ್ಟು ಹೆಂಗಸರು ಕಾದಿದ್ದರೋ. ಹೇಳಿಬಿಡಲೇ ಅನ್ನಿಸಿತು. ಆದರೆ ನಾಳೆ ಲೆಕ್ಕದಲ್ಲಿ ಏನಾದರೂ ಏರುಪೇರಾದರೆ, ಪಾಸ್‌ವರ್ಡ್ ಇವರದು, ಮಾತು ಬರುವುದೂ ಇವರಿಗೇ. ಹಾಸಿಗೆಯಲ್ಲಿ ಮಲಗಿದ ಮನುಷ್ಯ ಯಾರಿಗೆ ಉತ್ತರ ಕೊಟ್ಟಾರು?

"ನಡೀರಿ, ನಾನೇ ಬರ್ತೀನಿ" ಎಂದೆ. ಕೆಳಮನೆಯಾಕೆ ಇವರ ಪಕ್ಕ ಕೂತರು. ಅವರ ಹೊಟ್ಟೆ ತಣ್ಣಗಿರಲಿ.

ಕಾರ್ಖಾನೆಯ ಗೇಟಿನಲ್ಲಿ ಜನವೋ ಜನ. "ಏನ್ ಸಾರ್, ಹೆಡ್ ಕ್ಲರ್ಕ್ ಬದಲು ಹೆಡ್ ಕ್ಲರ್ಕಮ್ಮನ್ನೇ ಕರ್ಕಂಡ್ ಬಂದ್ರಾ?" ಎಂದು ಯಾರೋ ಕೂಗಿದರು. ತಲೆ ಬಗ್ಗಿಸಿಕೊಂಡು ಆಫೀಸರ ಹಿಂದೆ ಹೋಗಿ, ಚಪ್ಪಲಿ ಬಿಟ್ಟು ಆ ಕೋಣೆಯೊಳಗೆ ಕಾಲಿಟ್ಟೆ. ಮೈ ಜುಮ್ಮೆಂದಿತು.

"ಹೇಳೀಮ್ಮಾ" ಎಂದರು ಆಫೀಸರು.

ಅಮ್ಮ ಮುದ್ದಿಗೆ ಕರೆದ ಹೆಸರನ್ನು ಪರ ಗಂಡಸರ ಮುಂದೆ ಹೇಗೆ ಆಡಲಿ? "ಸಾರ್, ನಾನೇ ಒತ್ತಲಾ?"

ಅವರು ನನ್ನ ಮುಖ ನೋಡಿದರು. ಏನನ್ನಿಸಿತೋ, ಕುರ್ಚಿ ಎಳೆದುಕೊಟ್ಟು ತಾವು ಗೋಡೆಗೆ ಮುಖ ಮಾಡಿ ನಿಂತರು. "ನೀನೂ ತಿರುಗಯ್ಯಾ" ಎಂದು ಗುಮಾಸ್ತರನ್ನೂ ತಿರುಗಿಸಿದರು. ಮಿಡ್ಲ್ ಸ್ಕೂಲಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತಿದೆ. ಪರದೆಯ ಮೇಲೆ ಏನೂ ಇಲ್ಲ!

"ಅಯ್ಯೋ ಸಾರ್, ಏನೂ ಮೂಡ್ತಾನೇ ಇಲ್ಲ. ಕೆಟ್ಟೋಯ್ತೇನೋ!"

"ಮೂಡ್ಬಾರ್ದಮ್ಮಾ. ಪಕ್ಕದವರಿಗೆ ಕಾಣಬಾರ್ದು ಅಂತ ಹಾಗೆ ಮಾಡಿರ್ತಾರೆ. ಮುಗಿದ ಮೇಲೆ ಬಲಗಡೆ ದೊಡ್ಡ ಬಟನ್ ಒತ್ತಿ."

ಗಣಪಾ ಎಂದು ಒತ್ತಿದೆ. ಪರದೆಯ ತುಂಬ ಹಸಿರು ಸಾಲುಗಳು ಬಂದವು. ಸ್ವಲ್ಪ ಹೊತ್ತಿಗೆ ಪ್ರಿಂಟರ್ ಕಿರ್ರನೆ ಶುರುವಾಯಿತು. ನನ್ನ ಕಿವಿಗೆ ಅದು ಗುಡಿಯ ಜಾಗಟೆಗಿಂತ ಕಡಿಮೆಯೇನಲ್ಲ.

"ತಪ್ಪು ನನ್ನದೇ" ಎಂದರು ಆಫೀಸರು. "ಎಲ್ಲರ ಕೈಗೂ ಸಿಗೋ ಹಾಗಿದ್ದಿದ್ದನ್ನ ತಪ್ಪಿಸೋಕೆ ಹೋಗಿ ಒಬ್ಬರ ಕೈಗೇ ಕಟ್ಟಿಹಾಕಿಬಿಟ್ಟೆ. ಅವರಿಗೆ ಹೊಟ್ಟೆನೋವು ಬಂದ್ರೆ ಏನು ಗತಿ ಅಂತ ಯೋಚ್ನೆ ಮಾಡ್ಲಿಲ್ಲ." ಮುಂದೆ ಸಂಬಳದ ಲೆಕ್ಕ ತೆರೆಯುವ ಅಧಿಕಾರ ಇನ್ನೊಬ್ಬರಿಗೂ ಬಂತು. ಇಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್, ಯಾರು ತೆರೆದರೆಂದು ಯಂತ್ರದಲ್ಲೇ ಗುರುತು ಉಳಿಯುತ್ತಿತ್ತು. ಕೆಲಸವೂ ನಿಲ್ಲಲಿಲ್ಲ, ಯಾರ ಮೇಲೂ ಸುಮ್ಮನೆ ಅಪವಾದ ಬರಲಿಲ್ಲ.

ಸಂಜೆಯೊಳಗೆ ಬಟವಾಡೆ ಮುಗಿಯಿತೆಂದು ಸುದ್ದಿ ಬಂತು. ಇವರಿಗೆ ಎಚ್ಚರವಾಗಿತ್ತು.

"ಆಫೀಸರಿಗೆ ಹೇಳಿದ್ಯಾ?"

"ಇಲ್ಲ. ನಾನೇ ಹೋಗಿ ಒತ್ತಿ ಬಂದೆ. ಅವರನ್ನ ಗೋಡೆ ಕಡೆ ತಿರುಗಿಸಿ."

ಇವರು ಕಣ್ಣು ಬಿಟ್ಟುಕೊಂಡು ನೋಡಿದರು, ಆಮೇಲೆ ನಗು ತಡೆಯಲಾರದೆ ಹೊಟ್ಟೆ ಒತ್ತಿಹಿಡಿದರು. "ನಗಿಸ್ಬೇಡ ಮಾರಾಯ್ತಿ, ಹೊಲಿಗೆ ಬಿಚ್ಚತ್ತೆ."

"ಅದ್ಯಾಕೆ ಅದನ್ನೇ ಇಟ್ಟಿದ್ರಿ?" ಎಂದು ಕೇಳಿದೆ.

"ಮರೆಯಲ್ಲ ಅಂತ" ಎಂದು ಇವರು ಆ ಕಡೆ ಮುಖ ಮಾಡಿದರು.

ಅದೇನೆಂದು ಇಲ್ಲೂ ಬರೆಯಲಾರೆ. ಆ ವರ್ಷ ಗೌರಿಗೆ ಆಸ್ಪತ್ರೆಯ ಕಿಟಕಿಯಿಂದಲೇ ಕೈಮುಗಿದೆ. ಬೇಡಿಕೊಳ್ಳುವುದಕ್ಕೆ ನನಗೆ ಇನ್ನೇನೂ ಉಳಿದಿರಲಿಲ್ಲ.