ಹುಳುಮನೆಯ ಹೊಸ್ತಿಲು

ಹುತ್ತೂರಿನ ಹತ್ತಿರ ರೇಷ್ಮೆ ಬೆಳೆಯುವ ಮುನಿರತ್ನಮ್ಮನವರ ನಾಯಿಗೆ ಟೊಮೆಟೊ ಟೆಂಪೊ ಬಡಿದು, ಬೆನ್ನುಮೂಳೆಗೆ ಪೆಟ್ಟಾಗಿ ಹಿಂಗಾಲೆರಡೂ ಬಿದ್ದುಹೋಗಿದ್ದವು. ಪಶುವೈದ್ಯನಾದ ನಾನು ಔಷಧಿ ಕೊಟ್ಟು, "ಒಂದು ತಿಂಗಳು ಹೊರಗೆ ಬಿಡಲೇಬೇಡಿ, ದಿನಕ್ಕೆ ನಾಲ್ಕು ಸಲ ಮಗ್ಗಲು ಬದಲಿಸಿ" ಅಂದೆ. ಯಾರೂ ಮಾಡೋದಿಲ್ಲ ಅಂತ ಗೊತ್ತಿದ್ದೇ ಹೇಳುವ ಮಾತು ಅದು.

ಎರಡು ವಾರ ಬಿಟ್ಟು ಹೋದರೆ ನಾಯಿ ರೇಷ್ಮೆಹುಳ ಸಾಕುವ ಹುಳುಮನೆಯ ಮುಂದಿನ ಕೋಣೆಯಲ್ಲಿ ಮಲಗಿತ್ತು. ದಿನಕ್ಕೆ ನಾಲ್ಕು ಸಲ ಹುಳಕ್ಕೆ ಸೊಪ್ಪು ಹಾಕೋಕೆ ಹೋದಾಗಲೆಲ್ಲ ಅದರ ಮಗ್ಗಲನ್ನೂ ಬದಲಿಸುತ್ತಿದ್ದರಂತೆ. ನಾನು ಚಪ್ಪಲಿ ಬಿಟ್ಟು ಒಳಗೆ ಹೊರಟೆ. ಮುನಿರತ್ನಮ್ಮ ಅಡ್ಡ ನಿಂತರು.

"ಹೊರಗಿನೋರು ಬರಂಗಿಲ್ಲ ಸಾರ್. ಹುಳಕ್ಕೆ ರೋಗ ಬರುತ್ತೆ."

"ನಾಯಿ ಒಳಗಿದೆಯಲ್ಲಮ್ಮ!"

"ನೀವೇ ಹೇಳಿದಂಗೆ ಅದು ಎಲ್ಲೂ ಹೋಗಿಲ್ಲ, ಮಲ್ಕೊಂಡೇ ಐತೆ. ನೀವು ಬೆಳಗ್ಗಿಂದ ಎಷ್ಟು ಕೊಟ್ಟಿಗೆ ತುಳ್ಕೊಂಡು ಬಂದಿದ್ದೀರೋ!"

ಮತ್ತೆ ಚಪ್ಪಲಿ ಮೆಟ್ಟಿಕೊಂಡೆ. ಕಿಟಕಿಯ ಜಾಲರಿಗೆ ಮುಖ ಒತ್ತಿ, "ಹಿಂಗಾಲಿನ ಬೆರಳು ಜೋರಾಗಿ ಚಿವುಟಿ" ಅಂದೆ. ನೋವು ಗೊತ್ತಾಗದಿದ್ದರೆ ಅದು ನಡೆಯುವ ಆಸೆಯನ್ನೇ ಬಿಡಬೇಕಿತ್ತು. ಚಿವುಟಿದರು. ನಾಯಿ ಕುಂಯ್ ಅಂತ ತಿರುಗಿ ಅವರ ಕೈಗೇ ಬಾಯಿ ಹಾಕಿತು. ಅವರು ತೆಲುಗಿನಲ್ಲಿ ಬೈದರು. ನಾನು ಕಿಟಕಿಯಾಚೆ ಖುಷಿಯಿಂದ ನಕ್ಕೆ.

ಹುಳಗಳೆಲ್ಲ ಗೂಡು ಕಟ್ಟಿ, ಆ ಗೂಡು ಬಿಡಿಸಿ ಮನೆ ಖಾಲಿಯಾದ ಮೇಲೆ ಮುನಿರತ್ನಮ್ಮ ಫೋನ್ ಮಾಡಿದರು. "ಈಗ ಧಾರಾಳವಾಗಿ ಒಳಗೆ ಬರಬಹುದು ಸಾರ್."

ಹೋದೆ. ಬಾಗಿಲಲ್ಲಿ ನಾಯಿ ನಿಂತಿತ್ತು. ಹಿಂಗಾಲು ಕೊಂಚ ನಡುಗುತ್ತಿದ್ದರೂ ನಾಲ್ಕೂ ಕಾಲ ಮೇಲೆ ನಿಂತು, ಹಲ್ಲು ಕಿರಿದು ಬೊಗಳಿ, ಹೊಸ್ತಿಲು ಮುಟ್ಟೋಕೂ ಬಿಡಲಿಲ್ಲ. ಪೂರ್ತಿ ವಾಸಿಯಾಗಿದೆ ಅಂತ ಅಂಗಳದಲ್ಲೇ ನಿಂತು ಬರೆದುಕೊಂಡೆ.