ಉಸಿರು ಮೊದಲು, ಸ್ವರ ಆಮೇಲೆ

ಕುಮಟೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ಸುಚಿತಾ ಹರಿಕಂತ್ರ ಸುಲಭಕ್ಕೆ ಸೋಲೊಪ್ಪುವ ಹೆಣ್ಣಲ್ಲ. ಅಪ್ಪ ದೋಣಿಯ ಇಂಜಿನ್ ಬಿಚ್ಚಿ ಜೋಡಿಸುವುದನ್ನು ನೋಡುತ್ತ ಬೆಳೆದವಳು. ‘ಇದು ಆಗೂದಿಲ್ಲ, ಹೊಸ್ತು ತಕಳಿ’ ಎಂದು ಗಿರಾಕಿಯನ್ನು ಸಾಗಹಾಕುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಅಂಥವಳಿಗೇ ಹಳದೀಪುರದ ಹಮ್ಮಜ್ಜಿಯ ಲ್ಯಾಪ್‌ಟಾಪು ಮೂರು ದಿನ ಏಳು ಕೆರೆ ನೀರು ಕುಡಿಸಿತು.

ಹಮ್ಮ ಹಾಲಕ್ಕಿ ಒಕ್ಕಲ ಹೆಂಗಸು, ಎಪ್ಪತ್ತು ದಾಟಿದೆ. ಅವಳೂ ಅಕ್ಕ ನಾಗಮ್ಮನೂ ಭತ್ತದ ಸಸಿ ನೆಡುವ ನೆಟ್ಟಿಯ ಗದ್ದೆಯಲ್ಲಿ ಐವತ್ತು ವರ್ಷ ಜೋಡಿಯಾಗಿ ಪದ ಹೇಳಿದವರು. ಅಕ್ಕ ಒಂದು ಸಾಲು ಎತ್ತಿದರೆ ತಂಗಿ ಅದನ್ನೇ ತಿರುಗಿ ಹೇಳಬೇಕು, ಆಮೇಲೆಯೇ ಮುಂದಿನ ಸಾಲು. ಹೋದ ವರ್ಷ ಹಮ್ಮ ಜ್ವರ ಬಂದು ಆಸ್ಪತ್ರೆಯಲ್ಲಿದ್ದಾಗ ಮೊಮ್ಮಗಳು ಅಂಕಿತಾ ನಾಗಮ್ಮನೊಬ್ಬಳನ್ನೇ ಕೂರಿಸಿ, ಪದ ಹೇಳಿಸಿ, ಈ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿದ್ದಳು. ಬೇರೆಲ್ಲೂ ಪ್ರತಿಯಿಲ್ಲ. ಈಗ ನಾಗಮ್ಮನೂ ಇಲ್ಲ. ಲ್ಯಾಪ್‌ಟಾಪು ಕೆಟ್ಟದ್ದರಿಂದ ಹಮ್ಮ ಆ ಪದವನ್ನು ಒಂದು ಸಲವೂ ಕೇಳಿರಲಿಲ್ಲ.

ರೋಗವೇನೋ ಸುಚಿತಾಗೆ ಸಿಕ್ಕಿತ್ತು. ಚಾಲೂ ಮಾಡಿದ ಕೂಡಲೇ ಪ್ರೊಸೆಸರ್ ಪೂರ್ತಿ ವೇಗಕ್ಕೆ ಏರುತ್ತಿತ್ತು. ಆ ವೇಗ ಕೇಳುವಷ್ಟು ವೋಲ್ಟೇಜು ಕೊಡಲಾರದೆ ಮುಪ್ಪಾದ ಬೋರ್ಡು ಎರಡೇ ನಿಮಿಷಕ್ಕೆ ಆರುತ್ತಿತ್ತು. ಪದವಿದ್ದ ಮೆಮೊರಿ ಚಿಪ್ಪು ಬೋರ್ಡಿಗೇ ಬೆಸೆದದ್ದು, ಬಿಚ್ಚುವಂತಿಲ್ಲ. ಉಳಿದದ್ದು ಒಂದೇ ದಾರಿ: ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳಾದ ಕರ್ನೆಲ್‌ಗೇ ಕೈಹಾಕಿ, ವೇಗವನ್ನೂ ವೋಲ್ಟೇಜನ್ನೂ ತಗ್ಗಿಸಿ, ಯಂತ್ರವನ್ನು ಮೆಲ್ಲಗೆ ನಡೆಸಿ ಪದವನ್ನು ಹೊರತೆಗೆಯುವುದು. ಅದನ್ನೇ ಮಾಡಿದಳು. ಆದರೆ ತಗ್ಗಿಸುವ ಗಳಿಗೆಗೇ ಸರಿಯಾಗಿ ಪರದೆ ಕಲ್ಲಾಗಿ ನಿಂತುಬಿಡುತ್ತಿತ್ತು. ಇನ್ನೆರಡು ಸಲ ಹೀಗಾದರೆ ಚಿಪ್ಪೇ ಸತ್ತೀತೆಂಬ ಹೆದರಿಕೆ ಬೇರೆ.

ನಾಲ್ಕನೆಯ ದಿನ ಹಮ್ಮ ತಾನೇ ಬಸ್ಸಿಳಿದು ಬಂದು ಸ್ಟೂಲಿನ ಮೇಲೆ ಕೂತಳು.

“ಎಂತ ಮಾಡ್ತಿದ್ದೀಯೆ ತಂಗಿ?”

“ಇದ್ರ ಓಟ ಕಮ್ಮಿ ಮಾಡ್ಬೇಕು ಅಜ್ಜಿ. ಮೊದ್ಲು ಕರೆಂಟು ಇಳಿಸ್ತೆ, ಆಮೇಲೆ ಓಟ. ಅಷ್ಟರೊಳಗೇ ನಿಂತೋಗ್ತದೆ.”

ಹಮ್ಮ ನಕ್ಕಳು. “ನಿಲ್ದೆ ಎಂತ ಮಾಡ್ತದೆ? ಸ್ವರ ಮೇಲಿದ್ದಾಗ್ಲೇ ಉಸ್ರು ಬಿಟ್ಟರೆ ಪದ ಕಡೀತದೆ. ನಮ್ಮಕ್ಕ ಗದ್ದೇಲಿ ಬೈದು ಬೈದು ಕಲ್ಸಿತ್ತು. ಇಳಿವಾಗ ಮೊದ್ಲು ಸ್ವರ ಇಳ್ಸು, ಆಮೇಲೆ ಉಸ್ರು ಸಡ್ಲ ಬಿಡು. ಏರುವಾಗ ಮೊದ್ಲು ಉಸ್ರು ತುಂಬ್ಕ, ಆಮೇಲೆ ಸ್ವರ ಎತ್ತು.”

ಸುಚಿತಾಳ ಕೈ ಕೀಲಿಗಳ ಮೇಲೇ ನಿಂತಿತು. ಇಳಿಯುವಾಗ ಮೊದಲು ವೇಗ, ಆಮೇಲೆ ವೋಲ್ಟೇಜು. ಏರುವಾಗ ಮೊದಲು ವೋಲ್ಟೇಜು, ಆಮೇಲೆ ವೇಗ. ಇದನ್ನು ಅವಳೂ ಎಂದೋ ಓದಿದ್ದಳು. ಅವಸರದಲ್ಲಿ ಕೋಡಿನ ಎರಡು ಸಾಲು ಅದಲುಬದಲು ಬರೆದು ಮೂರು ದಿನ ತಲೆ ಚಚ್ಚಿಕೊಂಡಿದ್ದಳು. ಮೌಸನ್ನೂ ಮುಟ್ಟದ ಈ ಮುದುಕಿ ಕೂತಲ್ಲೇ ಅದನ್ನು ಹೇಳಿಬಿಟ್ಟಳಲ್ಲ! ಎಲ್ಲಿಯ ಗದ್ದೆ, ಎಲ್ಲಿಯ ಕರ್ನೆಲ್ಲು. ಅವಳಿಗೆ ಅಜ್ಜಿಯ ಕಾಲು ಮುಟ್ಟಬೇಕೆನಿಸಿತು, ನಾಚಿಕೆಯಾಗಿ ಪರದೆಯತ್ತ ತಿರುಗಿದಳು.

ಸಾಲು ಸರಿಪಡಿಸಿ ಚಾಲೂ ಮಾಡಿದಳು. ಎರಡು ನಿಮಿಷ ಕಳೆಯಿತು. ಹತ್ತಾಯಿತು. ಯಂತ್ರ ಗಬ್ಬದ ಎಮ್ಮೆಯಂತೆ ನಿಧಾನವಾಗಿ ನಡೆಯಿತು, ನಿಲ್ಲಲಿಲ್ಲ. ಪದ ಪೆನ್‌ಡ್ರೈವಿಗೆ ಇಳಿಯಿತು.

“ಆತು ಅಜ್ಜಿ,” ಎಂದು ಸುಚಿತಾ ಅದನ್ನು ತನ್ನ ಕಂಪ್ಯೂಟರಿಗೆ ಹಾಕಿದಳು.

ಮೊದಲು ಕೇಳಿಸಿದ್ದು ಉಸಿರು. ಆಮೇಲೆ ನಾಗಮ್ಮನ ದನಿ ಎದ್ದಿತು, ಒಂದು ಸಾಲು ಮುಗಿಸಿತು. ಅಲ್ಲಿಂದ ಮುಂದೆ ಸದ್ದಿಲ್ಲ. ಪದ ಅರ್ಧಕ್ಕೇ ಕಡಿದು ಬಂದಿದೆಯೆಂದು ಸುಚಿತಾ ಕೈಚಾಚಿದಳು.

ಹಮ್ಮ ಆ ಕೈ ಹಿಡಿದುಕೊಂಡಳು. “ಮುಟ್ಟಬೇಡ ಮಗಾ. ಅದು ನಂಗೆ ಬಿಟ್ಟ ಜಾಗ.”

ಉಸಿರು ತುಂಬಿಕೊಂಡು ಆ ಸಾಲನ್ನು ತಿರುಗಿ ಹೇಳಿದಳು. ಅವಳು ಮುಗಿಸುವುದಕ್ಕೂ ಸ್ಪೀಕರಿನಲ್ಲಿ ನಾಗಮ್ಮ ಮುಂದಿನ ಸಾಲಿಗೆ ಉಸಿರೆಳೆದುಕೊಳ್ಳುವುದಕ್ಕೂ ಸರಿಹೋಯಿತು.