ಮೀಸೆಯ ಸಂದಿನಲ್ಲಿ ಸೋರಿದ ಗಾಳಿ

ಯಳಂದೂರಿಗೆ ವರ್ಗವಾಗಿ ಬಂದಾಗ ನನ್ನ ಆಸ್ತಿಯೆಂದರೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ತಿದಿ. ಕುಲುಮೆಗೆ ಗಾಳಿ ಊದುವ ತಿದಿಯ ಮರಿ ಅನ್ನಿ, ಕೈಚೀಲದಲ್ಲಿ ಹಿಡಿಯುವಷ್ಟು. ಬಸ್ಸಿನ ಕಂಡಕ್ಟರು ಅದನ್ನು ನೋಡಿ, ಡಾಕ್ಟರಿಗೆ ಹಾರ್ಮೋನಿಯಂ ಬರುತ್ತದೆ ಎಂದುಕೊಂಡ. ನಾನು ಹೌದೆಂದೆ. ವಿವರಿಸುವ ತಾಳ್ಮೆ ನನಗೆ ಯಾವತ್ತೂ ಕಡಿಮೆ.

ಅದು ಹನೂರಿನಲ್ಲಿ ಹತ್ತಿದ ಹುಚ್ಚು. ಅರವತ್ತರ ದಶಕದ ಮಾತು. ಅಲ್ಲಿನ ಡಿಸ್ಪೆನ್ಸರಿಗೆ ನಾನೊಬ್ಬನೇ ಡಾಕ್ಟರು. ಕಟ್ಟುಹಾವು ಕಚ್ಚಿದ ಹೆಂಗಸೊಬ್ಬಳನ್ನು ಪಾಲಾರ್ ಕಡೆಯಿಂದ ತಂದಿದ್ದರು. ಆ ಹಾವಿನ ವಿಷಕ್ಕೆ ಉರಿಯಿಲ್ಲ, ಊತವಿಲ್ಲ. ರೆಪ್ಪೆ ಜೋಲುತ್ತದೆ, ನಾಲಗೆ ತೊದಲುತ್ತದೆ, ಕೊನೆಗೆ ಎದೆ ಉಸಿರೆಳೆಯುವುದನ್ನೇ ನಿಲ್ಲಿಸುತ್ತದೆ. ವಿಷ ಇಳಿಯುವವರೆಗೆ ಬೇರೆ ಯಾರಾದರೂ ಗಾಳಿ ತುಂಬುತ್ತಿದ್ದರೆ ರೋಗಿ ಬದುಕುತ್ತಾನೆ. ನಾನು ಬಾಯಿಗೆ ಬಾಯಿಟ್ಟು ಊದಿದೆ. ಊದಿ ಊದಿ ನನಗೇ ಕಣ್ಣು ಕತ್ತಲಿಟ್ಟಿತು. ಆಕೆ ಉಳಿಯಲಿಲ್ಲ.

ಆಮೇಲೆ ಕೊಳ್ಳೇಗಾಲಕ್ಕೆ ಹೋಗಿ ಮೇಕೆಯ ತೊಗಲು, ಸೈಕಲ್ ಟ್ಯೂಬು, ಸೊಲ್ಯೂಷನ್ ತಂದೆ. ಎರಡು ಹಲಗೆಗಳ ನಡುವೆ ತೊಗಲು ಕೂರಿಸಿ, ಒತ್ತಿ ಬಿಟ್ಟರೆ ತಾನೇ ಅರಳಲೆಂದು ಒಳಗೆ ಸ್ಪ್ರಿಂಗ್ ಇಟ್ಟೆ. ಬಿಟ್ಟ ಉಸಿರು ತಿದಿಗೆ ವಾಪಸು ಬರದಂತೆ ಟ್ಯೂಬಿನ ರಬ್ಬರಿನಿಂದ ಮುಚ್ಚಳಗಳನ್ನು ಮಾಡಿದೆ. ಯಾರಾದರೂ ಗಾಬರಿಯಲ್ಲಿ ಜೋರಾಗಿ ಒತ್ತಿದರೆ ಪುಪ್ಪುಸ ಹರಿಯಬಾರದಲ್ಲ. ಅದಕ್ಕೊಂದು ಕಿಂಡಿ, ಒತ್ತಡ ಹೆಚ್ಚಾದರೆ ತಾನೇ ತೆರೆದುಕೊಳ್ಳುವಂಥದ್ದು. ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಒತ್ತಿದರೆ ಹೊಲಿಗೆಯ ಪ್ರತಿ ತೂತಿನಿಂದಲೂ ಗುಳ್ಳೆ. ಮೇಣ ಹಚ್ಚಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ಅಂತೂ ಗುಳ್ಳೆ ನಿಲ್ಲುವ ಹೊತ್ತಿಗೆ ವರ್ಗದ ಆರ್ಡರು ಬಂತು.

ಕೊನೆಗೆ ಉಳಿದದ್ದು ಮುಖಕ್ಕೆ ಹಿಡಿಯುವ ತಗಡಿನ ಬಟ್ಟಲು. ಅದರ ಅಂಚಿಗೆ ಟ್ಯೂಬಿನ ರಬ್ಬರು ಕಟ್ಟಿ, ಯಳಂದೂರಿನ ಕ್ವಾರ್ಟರ್ಸಿನಲ್ಲಿ ಸಂಜೆ ಕದ ಹಾಕಿಕೊಂಡು ನನ್ನ ಮುಖಕ್ಕೇ ಒತ್ತಿ ನೋಡುತ್ತಿದ್ದೆ. ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ತಿದಿ. ಬೇರೆ ಮುಖ ಎಲ್ಲಿಂದ ತರಲಿ? ಮದುವೆಯಾಗಿರಲಿಲ್ಲ, ಅಪ್ಪ ಅಮ್ಮ ಇರಲಿಲ್ಲ. ಅಪ್ಪ ತೀರಿಕೊಂಡಾಗ ಬೋಳಿಸಿದ ಮೀಸೆಯನ್ನು ಮತ್ತೆ ಬಿಟ್ಟಿರಲೂ ಇಲ್ಲ. ನನ್ನ ಮುಖದ ಮೇಲೆ ಒಂದಿಷ್ಟೂ ಗಾಳಿ ಸೋರಲಿಲ್ಲ. ಗೆದ್ದೆ ಎಂದುಕೊಂಡು ಒಬ್ಬನೇ ಉಪ್ಪಿಟ್ಟು ಮಾಡಿಕೊಂಡು ತಿಂದೆ.

ಸ್ವಲ್ಪ ದಿನಕ್ಕೆ ಹೊನ್ನೂರಿನಿಂದ ಒಬ್ಬ ರೈತ ಬೆಳಗ್ಗೆ ಬೆಳಗ್ಗೆ ಮಗನನ್ನು ಗಾಡಿಯಲ್ಲಿ ಹಾಕಿಕೊಂಡು ಬಂದ. ಮಗ ಇಪ್ಪತ್ತೈದರ ಆಳು, ಕಬ್ಬಿನ ಗದ್ದೆಯಲ್ಲಿ ಕಾವಲಿಗೆ ಮಲಗಿದ್ದಾಗ ಕಟ್ಟುಹಾವು ಕಚ್ಚಿತ್ತಂತೆ. ರೆಪ್ಪೆ ಆಗಲೇ ಮುಚ್ಚಿತ್ತು. ಇದ್ದ ಔಷಧಿ ಚುಚ್ಚಿದೆ, ತಿದಿ ತೆಗೆದೆ, ಬಟ್ಟಲು ಒತ್ತಿದೆ. ಬುಸ್ ಎಂದು ಗಾಳಿಯೆಲ್ಲ ಪಕ್ಕದಿಂದ ಹೋಯಿತು. ಎದೆ ಏಳಲಿಲ್ಲ.

ಹುಡುಗನಿಗೆ ದಪ್ಪ ಹುರಿ ಮೀಸೆ. ರಬ್ಬರು ಕೂದಲ ಮೇಲೆ ಕೂರುತ್ತಿರಲಿಲ್ಲ. ನನ್ನ ದಡ್ಡತನಕ್ಕೆ ನನ್ನನ್ನೇ ಬೈದುಕೊಂಡು, ಕಾಂಪೌಂಡರಿಗೆ ನನ್ನ ಶೇವಿಂಗ್ ಸೆಟ್ ತರಲು ಹೇಳಿದೆ. ಅಪ್ಪ ಅಡ್ಡ ಬಂದ.

“ಮೀಸೆಗ್ ಕೈ ಆಕ್ಬ್ಯಾಡಿ ಸಾ. ನಾ ಇನ್ನೂ ಬದ್ಕಿವ್ನಿ.”

ಅವರಲ್ಲಿ ಮಗ ಮೀಸೆ ತೆಗೆಸುವುದು ಅಪ್ಪ ಸತ್ತಾಗ. ನನಗದು ಗೊತ್ತಿಲ್ಲವೇ? ಆದರೂ ರೇಗಿತು. “ಗಾಳಿ ಒಳಕ್ಕೆ ಹೋಗ್ತಿಲ್ಲ ಕಣಯ್ಯಾ. ಇನ್ನೊಂದು ಗಳಿಗೆಗೆ ನಿನ್ನ ಮಗ ಇರಲ್ಲ” ಎಂದೆ.

ಆತ ಮಗನ ಎದೆಯ ಮೇಲೆ ಕೈಯಿಟ್ಟು ನೋಡಿದ. ಆಮೇಲೆ ತಲೆಯ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

“ನಾ ಸತ್ತೆ ಅನ್ಕಳಿ ಸಾ. ಬೋಳ್ಸಿ. ಅವ್ನು ಉಸ್ರಾಡ್ಲಿ.”

ಕಾಂಪೌಂಡರು ಬೋಳಿಸಿದ. ಬಟ್ಟಲು ಕೂತಿತು, ಎದೆ ಎದ್ದಿತು. ಬಟ್ಟಲು ಹಿಡಿಯಲು ನನಗೆ ಎರಡೂ ಕೈ ಬೇಕು. ಹಾಗಾಗಿ ತಿದಿಯನ್ನು ಅಪ್ಪನ ಕೈಗೇ ಕೊಟ್ಟೆ. “ನೀನು ಉಸಿರು ಎಳ್ಕೊಂಡಾಗ ಒತ್ತು, ಬಿಟ್ಟಾಗ ಬಿಡು” ಎಂದೆ. ಆತ ಹಾಗೆಯೇ ಮಾಡಿದ. ದಣಿದಾಗ ಕಾಂಪೌಂಡರು ಒತ್ತುತ್ತಿದ್ದ. ನನಗೆ ನಿದ್ದೆ ಹತ್ತಬಾರದೆಂದು ಆ ಮುಚ್ಚಿದ ಕಣ್ಣುಗಳ ಜೊತೆ ಮಾತಾಡುತ್ತ ಕೂತೆ. ಬಾಯಿಗೆ ಬಂದದ್ದನ್ನೆಲ್ಲ ಆಡಿದೆ. ಪ್ರಜ್ಞೆಯಿಲ್ಲದವನ ಮುಂದೆ ಎಂಥ ಸಂಕೋಚ? ಮಾರನೆಯ ಮಧ್ಯಾಹ್ನ ಬಟ್ಟಲಿನೊಳಗೆ ಅವನ ಸ್ವಂತ ಉಸಿರು ನನ್ನ ಬೆರಳಿಗೆ ತಾಗಿತು. ಅಪ್ಪ ತಿದಿ ಕೆಳಗಿಟ್ಟು ಗಳಗಳ ಅತ್ತ. ನನಗೂ ಅಳು ಬಂತು.

ಊರಲ್ಲಿ ಮಗನ ಬೋಳು ಮುಖ ಕಂಡವರು ಅಪ್ಪ ಸತ್ತನೆಂದು ಮಾತಾಡಿಸಲು ಬಂದರಂತೆ. ಅಪ್ಪನೇ ಬಾಗಿಲಲ್ಲಿ ನಿಂತು ಒಳಗೆ ಕರೆದನಂತೆ.

ಮೀಸೆ ಮತ್ತೆ ದಪ್ಪವಾದ ಮೇಲೆ ಒಂದು ಸಂಜೆ ಮಗ ನನ್ನ ಕದ ತಟ್ಟಿದ.

“ಅವತ್ತು ನಂಗೆಲ್ಲಾ ಕೇಳುಸ್ತಿತ್ತು ಸಾ” ಎಂದ. “ಅಪ್ಪ ಅಂದುದ್ದೂ ಕೇಳುಸ್ತು. ಸಂಜೆವೊತ್ತು ನೀವೊಬ್ರೇ ಕುಂತ್ಕಂಡು ಅದ ಮಕಕ್ ಇಡ್ಕತೀನಿ ಅಂದುದ್ದೂ ಕೇಳುಸ್ತು. ನನ್ ಮಕದ್ ಮ್ಯಾಲೆ ಇಟ್ ನೋಡಿ ಸಾ.”

ನನಗೆ ನಾಚಿಕೆಯಾಯಿತು. ಆದರೂ ಕುರ್ಚಿ ಎಳೆದು ಕೂರಿಸಿದೆ. ವಾರಕ್ಕೊಮ್ಮೆ ಅವನು ಬರುತ್ತಿದ್ದ. ಅಂಚಿಗೆ ಗಟ್ಟಿ ರಬ್ಬರಿನ ಬದಲು ಗಾಳಿ ತುಂಬಿದ ತೆಳು ಟ್ಯೂಬು ಕಟ್ಟಿದೆ. ಅದು ಮೀಸೆಯನ್ನು ಒತ್ತಿಕೊಂಡು ಕೆನ್ನೆಗೆ ಮೆತ್ತಗೆ ಕೂರುತ್ತಿತ್ತು. ಸೋರಿಕೆ ವಾರವಾರಕ್ಕೂ ಇಳಿಯಿತು. ಆಮೇಲೆ ಕಾಫಿ ಕುಡಿಯುತ್ತ ಕಬ್ಬು, ಅಪ್ಪ, ಮುಂದೆ ಬರಲಿರುವ ಅವನ ಮದುವೆಯ ಮಾತು.

ಒಂದು ವಾರ ಅವನು ಬಂದಾಗ ಬಟ್ಟಲಿನ ಸುತ್ತ ಸೋಪಿನ ನೊರೆ ಹಚ್ಚಿ ಒತ್ತಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಮೀಸೆಯ ಮೇಲಿನ ನೊರೆ ಅಲುಗಲೂ ಇಲ್ಲ. ಬಟ್ಟಲು ತೆಗೆದೆ.

“ಇನ್ನೂ ಸೋರ್ತದಾ ಸಾ?”

“ಸ್ವಲ್ಪ” ಎಂದೆ.

ಅವನು ವಸ್ತ್ರದಲ್ಲಿ ಮೀಸೆಯ ನೊರೆ ಒರೆಸಿಕೊಂಡು, ನನ್ನ ಮುಖ ನೋಡದೆ ಚಪ್ಪಲಿ ಮೆಟ್ಟಿದ.

“ಸೋರ್ಲಿ ಬುಡಿ ಸಾ. ಬರೋ ವಾರ ಬತ್ತೀನಿ.”